ಈಜಿಪ್ಟಿನ ಹರಕೆಯ ಮಮ್ಮಿಗಳು

ಈಜಿಪ್ಟು ದೇಶದ ಹೆಸರೆತ್ತಿದೊಡನೆ ಪಿರಮಿಡ್ಡುಗಳೂ, ಸಾವಿರಾರು ವರ್ಷಗಳಿಂದ ಕೆಡದೆ ಉಳಿದಿರುವ ಅರಸರ ಶವಗಳೂ ನಮ್ಮ ನೆನಪಿಗೆ ಬರುವುವು. ಈ ಶವಗಳನ್ನೇ ಮಮ್ಮಿಗಳೆಂದು ಕರೆಯುವರು. ಆದರೆ ಆ ದೇಶದ ಮರಳಿನಡಿಯಲ್ಲಿ ಅರಸರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಬೆಕ್ಕು, ನಾಯಿ, ಗಿಡುಗ, ಮೊಸಳೆ, ಹಾವು ಮೊದಲಾದ ಜೀವಿಗಳ ಮಮ್ಮಿಗಳಿರುವುವೆಂಬುದನ್ನು ವಾಚಕರಲ್ಲಿ ಅನೇಕರು ಕೇಳಿರಲಾರರು. ಮೃಗಗಳನ್ನು ಪೂಜಿಸುವ ಜನರೆಂದು ಈಜಿಪ್ಟಿನವರನ್ನು ರೋಮಿನ ಕವಿ ಜುವೆನಲ್ ಹಿಂದೆಯೇ ಹಾಸ್ಯಮಾಡಿರುವನು. ಆ ಹಾಸ್ಯವು ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ತಿಳಿಯಬೇಕಾದುದೇನೆಂದರೆ, ಈ ಮಮ್ಮಿಗಳೆಲ್ಲವೂ ಒಂದೇ ಉದ್ದೇಶದಿಂದಾದುವಲ್ಲ. ಕೆಲವು ಮನೆಯವರು ಮುದ್ದಿನಿಂದ ಸಾಕಿದ ಪ್ರಾಣಿಗಳು. ಮೂರನೆಯ ಅಮೆನ್‌ಹೋಟೆಪ್ ಅರಸನ ಹಿರಿಯ ಮಗನಾದ ತುತ್‌ಮೋಸನು ತನ್ನ ಬೆಕ್ಕಿಗಾಗಿ ಸುಣ್ಣಕಲ್ಲಿನ ಪೆಟ್ಟಿಗೆಯೊಂದನ್ನು ಕಡೆಸಿ, ಅದರ ಮೇಲೆ ಬೆಕ್ಕು ನೈವೇದ್ಯದ ಮುಂದೆ ಕುಳಿತಿರುವಂತೆ ಚಿತ್ರಿಸಿದನು. ಮತ್ತೆ ಕೆಲವು ಸತ್ತವರ ಆಹಾರಕ್ಕೆಂದು ಇಟ್ಟವು. ತುತಾಂಖಾಮನ್ ಅರಸನ ಸಮಾಧಿಯಲ್ಲಿ ಮಾಂಸವನ್ನೂ ಬಾತುಗಳನ್ನೂ ಹೀಗೆಯೇ ಸಂಸ್ಕರಿಸಿ ಪೆಟ್ಟಿಗೆಗಳಲ್ಲಿ ತುಂಬಿದ್ದರು. ಮೂರನೆಯವು ದೇವರ ಅಂಶವೆಂದು ಎಣಿಸಿದ ಪ್ರಾಣಿಗಳು. ಮೆಂಫಿಸ್ ಪಟ್ಟಣದ ಏಪಿಸ್ ಎಂಬ ಗೂಳಿಯು ಇವುಗಳಲ್ಲಿ ಮುಖ್ಯವಾದುದು. ಒಂದು ಕಾಲಕ್ಕೆ ಒಂದೇ ಏಪಿಸ್ ಇರುತ್ತಿದ್ದಿತು. ವಿಶೇಷ ಗುರುತುಗಳನ್ನು ನೋಡಿ ಅದನ್ನು ಆರಿಸುತ್ತಿದ್ದರು. ಅದು ಸತ್ತಾಗ 70 ದಿನಗಳ ಸಂಸ್ಕಾರ ನಡೆಸಿ, ಸಕ್ಕಾರದ ನೆಲಗವಿಯಲ್ಲಿ ಭಾರಿಯಾದ ಕಲ್ಲಿನ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಈ ನೆಲಗವಿಯನ್ನು ಫ್ರೆಂಚ್ ಪಂಡಿತ ಮರಿಯೆಟ್ 1851ರಲ್ಲಿ ಹೊಕ್ಕು ನೋಡಿದನು.

ನಾಲ್ಕನೆಯವು ಹರಕೆಯ ಮಮ್ಮಿಗಳು. ಸಂಖ್ಯೆಯಲ್ಲಿ ಇವುಗಳಿಗೆ ಸಮನಾದುವು ಬೇರಿಲ್ಲ. ಕ್ರಿಸ್ತಪೂರ್ವದ ಕೊನೆಯ ಆರೇಳು ಶತಮಾನಗಳಲ್ಲಿ ಇವು ಬಹಳವಾಗಿ ಬಳಕೆಗೆ ಬಂದುವು. ಬಾಸ್ಟೆಟ್ ದೇವಿಗೆ ಬೆಕ್ಕು, ಅನೂಬಿಸನಿಗೆ ನಾಯಿ, ಹೋರಸನಿಗೆ ಗಿಡುಗ, ವಿದ್ಯೆಯ ಅಧಿದೇವತೆಯಾದ ಥೋತನಿಗೆ ಬಾಗಿದ ಕೊಕ್ಕಿನ ಐಬಿಸ್ ಎಂಬ ಹಕ್ಕಿ, ಹೀಗೆ ಒಂದೊಂದು ದೇವತೆಗೆ ಒಂದೊಂದು ಜೀವಿ ಸಲ್ಲುತ್ತಿದ್ದಿತು. ಯಾತ್ರೆಗೆ ಬಂದ ಗೃಹಸ್ಥನು ಕಾಣಿಕೆ ತೆತ್ತು ಇಂತಹದೊಂದನ್ನು ದೇವಾಲಯಕ್ಕೆ ಒಪ್ಪಿಸುವನು. ಆ ಜೀವಿಯು ದೇವರ ಬಳಿಗೆ ಹೋಗಿ ತನ್ನ ಮೊರೆಯನ್ನು ಮುಟ್ಟಿಸುವುದೆಂದು ಅವನ ನಂಬಿಕೆ. ಮಗುವಿನ ಬೇನೆ, ಬಂಧುಗಳ ಅನ್ಯಾಯ, ಸಂತಾನದ ಬಯಕೆ ಇವೇ ಎಲ್ಲ ಕಾಲದಲ್ಲಿಯೂ ಮನುಷ್ಯನ ಮೊರೆಗಳಲ್ಲವೆ? ಆದುದರಿಂದ ಅವನು ಪೂಜಿಸಿದುದು ಬೆಕ್ಕನ್ನಲ್ಲ, ಬೆಕ್ಕಿನ ರೂಪದಲ್ಲಿ ತೋರಿಕೊಳ್ಳುವ ದೇವಿಯನ್ನು. ಜುವೆನಲನ ಹಾಸ್ಯವು ಈ ಭೇದವನ್ನು ಗಮನಿಸಲಿಲ್ಲ.

ಆದರೆ ಈ ಭಕ್ತಿಗೆ ಬೆಲೆ ತೆತ್ತವರು ಯಾರು? ಬ್ರಿಟಿಷ್ ಮ್ಯೂಸಿಯಮ್ಮಿನ ಬೆಕ್ಕಿನ ಮಮ್ಮಿಗಳನ್ನು ಕ್ಷಕಿರಣಗಳಿಂದ ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ಹೆಚ್ಚಿನವು ಒಂದು ವರ್ಷವೂ ತುಂಬದವು. ಅನೇಕವುಗಳ ಕತ್ತು ಮುರಿದಿದ್ದಿತು. ಹರಕೆಗೆಂದೇ ಸಾಕಿ, ಹರಕೆಗೆಂದೇ ಕೊಂದವು ಇವು. ಸಕ್ಕಾರದಲ್ಲಿ ಅನೂಬಿಸನ ನೆಲಗವಿಯೊಂದರಲ್ಲಿಯೇ ಸುಮಾರು 80 ಲಕ್ಷ ಪ್ರಾಣಿಗಳನ್ನಿಟ್ಟಿರಬೇಕೆಂದು ವಿದ್ವಾಂಸರು ಅಂದಾಜು ಮಾಡಿರುವರು. ಅವುಗಳಲ್ಲಿ ಬಹುಪಾಲು ನಾಯಿಗಳು. ಅನೇಕವು ಹುಟ್ಟಿ ಕೆಲವು ಗಂಟೆಗಳೋ ದಿನಗಳೋ ಆದ ಮರಿಗಳು.

ಇದೇ ಜನರು ಮನೆಯ ಬೆಕ್ಕು ಸತ್ತರೆ ಹುಬ್ಬನ್ನು ಬೋಳಿಸಿಕೊಂಡು ದುಃಖಿಸುತ್ತಿದ್ದರೆಂದು ಗ್ರೀಕ್ ಚರಿತ್ರಕಾರ ಹೆರೊಡೊಟಸನು ಹೇಳುತ್ತಾನೆ. ತಿಳಿಯದೆ ಬೆಕ್ಕನ್ನು ಕೊಂದ ರೋಮನನೊಬ್ಬನನ್ನು ಜನರ ಗುಂಪಿನಿಂದ ಬಿಡಿಸಲು ಅರಸನ ಅಧಿಕಾರಿಗಳಿಗೂ ಆಗಲಿಲ್ಲವೆಂದು, ಅದನ್ನು ಕಣ್ಣಾರೆ ಕಂಡ ಡಿಯೊಡೋರಸನು ಬರೆದಿರುವನು. ಅಂತಹವರು ಮರಿಗಳನ್ನು ಹೇಗೆ ಕೊಂದರು? ಸತ್ತ ಜೀವಿಯು ಓಸಿರಿಸ್ ದೇವನೊಡನೆ ಒಂದಾಗುವುದೆಂದು ಅವರು ನಂಬಿದ್ದರು. ಪುರೋಹಿತನ ಕೈಯಲ್ಲಿ ಸತ್ತು, ಉಪ್ಪಿನಲ್ಲಿ ಒಣಗಿ, ರಾಳ ಪೂಸಿಸಿಕೊಂಡು, ನಾರುಬಟ್ಟೆ ಸುತ್ತಿಸಿಕೊಂಡ ಮರಿಯು ಅವರ ಕಣ್ಣಿಗೆ ಹತವಾದುದಾಗಿರದೆ ದೇವತ್ವವನ್ನು ಪಡೆದುದಾಗಿದ್ದಿತು. ಈ ಸಮಾಧಾನವು ಭಕ್ತನದು. ಮರಿಯನ್ನು ಯಾರೂ ಕೇಳಲಿಲ್ಲ.

ಇನ್ನೊಂದು ಆಶ್ಚರ್ಯವನ್ನೂ ಹೇಳಬೇಕು. ಮ್ಯಾಂಚೆಸ್ಟರಿನ ವಿದ್ವಾಂಸರು 800ಕ್ಕೂ ಹೆಚ್ಚು ಗಂಟುಗಳನ್ನು ಬಿಚ್ಚದೆಯೇ ಪರೀಕ್ಷಿಸಿ, ಫಲವನ್ನು 2015ರಲ್ಲಿ ತಿಳಿಸಿದರು. ಸುಮಾರು ಮೂರರಲ್ಲೊಂದು ಪಾಲಿನಲ್ಲಿ ಪೂರ್ಣ ಪ್ರಾಣಿಯಿದ್ದಿತು; ಮತ್ತೊಂದು ಪಾಲಿನಲ್ಲಿ ಕೆಲವು ಎಲುಬುಗಳು ಮಾತ್ರ; ಉಳಿದ ಪಾಲಿನಲ್ಲಿ ಮಣ್ಣು, ಕಡ್ಡಿ, ಜೊಂಡುಗಳಲ್ಲದೆ ಪ್ರಾಣಿಯ ಅವಶೇಷವೇ ಇಲ್ಲ. ಹಾಗಾದರೆ ಪುರೋಹಿತರು ಯಾತ್ರಿಕರನ್ನು ವಂಚಿಸಿದರೆ? ವಂಚನೆಯೆಂದು ಹೇಳಲಾಗದೆಂಬುದು ಆ ವಿದ್ವಾಂಸರ ಅಭಿಪ್ರಾಯ. ಪವಿತ್ರ ಪ್ರಾಣಿಯಿದ್ದ ಸ್ಥಳದ ಮಣ್ಣೂ ಕಡ್ಡಿಯೂ ಪವಿತ್ರವೆಂದೆಣಿಸಿ ಅವುಗಳನ್ನು ಸುತ್ತಿರಬಹುದು. ಆದರೂ ಎಲ್ಲವೂ ನಿರ್ಮಲವಾಗಿದ್ದಿತೆನ್ನುವಂತಿಲ್ಲ. ಕ್ರಿ. ಪೂ. 2ನೆಯ ಶತಮಾನದಲ್ಲಿ ಸಕ್ಕಾರದ ಐಬಿಸ್ ದೇವಾಲಯದ ಸೇವೆಯಲ್ಲಿದ್ದ ಹೋರ್ ಎಂಬಾತನು ಮಡಕೆಯ ಚೂರುಗಳ ಮೇಲೆ ಬರೆದಿಟ್ಟ ಲೇಖಗಳು ದೊರೆತಿರುವುವು. ಅಲ್ಲಿನ ಅಕ್ರಮಗಳ ವಿಚಾರಣೆ ನಡೆದು, ಒಂದು ಗಡಿಗೆಯಲ್ಲಿ ಒಂದೇ ಹಕ್ಕಿಯಿರತಕ್ಕದ್ದೆಂದು ಕಟ್ಟಳೆಯಾದುದು ಅವುಗಳಿಂದ ತಿಳಿಯುವುದು. ಕಟ್ಟಳೆ ಹುಟ್ಟಬೇಕಾದರೆ ಅದಕ್ಕೆ ಮುಂಚೆ ತಪ್ಪು ನಡೆದಿರಬೇಕಷ್ಟೆ. ಆ ಧರ್ಮದೊಳಗಿನವರೇ ಆ ತಪ್ಪನ್ನು ಕಂಡು ತಿದ್ದಲು ಹೊರಟರೆಂಬುದೂ ಸ್ಮರಣೀಯವಾದುದು.

ಈಜಿಪ್ಟಿನವರನ್ನು ಹಳಿಯುವ ಮುನ್ನ ಮತ್ತೊಂದು ಸಂಗತಿಯನ್ನು ನೆನೆಯಬೇಕು. 1888ರಲ್ಲಿ ಬೇನಿ ಹಸನ್ ಬಳಿ ರೈತನೊಬ್ಬನು ನೆಲವನ್ನಗೆಯುವಾಗ ಅಸಂಖ್ಯಾತ ಬೆಕ್ಕಿನ ಮಮ್ಮಿಗಳು ದೊರೆತುವು. 1890ರಲ್ಲಿ ಸುಮಾರು 19 ಟನ್ ತೂಕದ, 1,80,000 ಬೆಕ್ಕುಗಳೆಂದು ಎಣಿಸಿದ ಸರಕು ಇಂಗ್ಲೆಂಡಿನ ಲಿವರ್‌ಪೂಲ್ ರೇವಿಗೆ ಬಂದು ಹರಾಜಾಯಿತು. ಅದನ್ನು ಪುಡಿಮಾಡಿ ಹೊಲಗಳಿಗೆ ಗೊಬ್ಬರವಾಗಿ ಹಾಕಿದರು. ಎರಡು ಸಾವಿರ ವರ್ಷಗಳ ಹಿಂದೆ ಯಾವಳೋ ತಾಯಿ ಮಗುವಿನ ಪ್ರಾಣಕ್ಕಾಗಿ ಒಪ್ಪಿಸಿದ ಗಂಟೂ ಅದರಲ್ಲಿದ್ದಿರಬಹುದು. ಕೊಂಡವರಿಗೆ ಅದು ಬರಿಯ ಎಲುಬಾಗಿದ್ದಿತು.

ಮರಿಯನ್ನು ಕೊಂದವರಿಗೆ ಅದರ ನೋವು ಕಾಣಲಿಲ್ಲ. ಎಲುಬನ್ನು ಅರೆದವರಿಗೆ ಹರಕೆ ಹೊತ್ತವರ ನೋವು ಕಾಣಲಿಲ್ಲ. ಆ ಪುಟ್ಟ ಗಂಟುಗಳನ್ನು ನೋಡುವ ನಾವು ಈ ಎರಡು ನೋವುಗಳನ್ನೂ ಒಟ್ಟಿಗೆ ನೆನೆದರೆ, ಹಾಸ್ಯವೂ ಬಾಯಿಗೆ ಬರಲಾರದು, ಕುರುಡು ಹೊಗಳಿಕೆಯೂ ಬರಲಾರದು.