ಜ್ವರ ಇಳಿದ ದಿನವೇ ಎಚ್ಚರದ ದಿನ

ಕಳೆದ ಮಳೆಗಾಲದಲ್ಲಿ ನಮ್ಮ ನಾಲ್ಕು ವರ್ಷದ ಮಗಳಿಗೆ ಮೂರು ದಿನ ಬಿಡದ ಜ್ವರ. ಪುಣೆಯಲ್ಲಿ ಮಳೆ ಶುರುವಾದರೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಡೆಂಗಿ ಸುದ್ದಿ. ರಕ್ತ ಪರೀಕ್ಷೆಯಲ್ಲಿ ನಮ್ಮ ಮನೆಗೂ ಅದೇ ಬಂದಿತ್ತು. ನಾಲ್ಕನೇ ದಿನ ಬೆಳಿಗ್ಗೆ ಥರ್ಮಾಮೀಟರ್ 98.6 ತೋರಿಸಿತು. ದೇವರಿಗೆ ಕೈ ಮುಗಿದು, ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸಕ್ಕೆ ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಮಗು ಎರಡು ಸಲ ವಾಂತಿ ಮಾಡಿಕೊಂಡಳು. ಹೊಟ್ಟೆ ನೋವು ಎಂದಳು. ಆಮೇಲೆ ಮಾತೇ ಇಲ್ಲ, ಸುಮ್ಮನೆ ಮಲಗಿದಳು. ಜ್ವರದ ಸುಸ್ತು ಇರಬೇಕು ಅಂದುಕೊಂಡೆ. ಹುಬ್ಬಳ್ಳಿಯಿಂದ ವಿಡಿಯೊ ಕಾಲ್ ಮಾಡಿದ ಅವ್ವ, 'ಕೈಕಾಲು ಮುಟ್ಟಿ ನೋಡೋ' ಅಂದಳು. ತಣ್ಣಗಿದ್ದವು.

ಅರ್ಧ ಗಂಟೆಯಲ್ಲಿ ಮಕ್ಕಳ ಐಸಿಯುವಿನಲ್ಲಿದ್ದೆವು. ಡಾಕ್ಟರು ಬೈಯಲಿಲ್ಲ, ವಿವರಿಸಿದರು: ಡೆಂಗಿಯಲ್ಲಿ ಜ್ವರ ಇಳಿಯುವ ಸಮಯವೇ ಅಪಾಯದ ಸಮಯ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ರಕ್ತನಾಳಗಳಿಂದ ದ್ರವ ಸೋರಲು ಶುರುವಾಗುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಮಂಕು, ತಣ್ಣನೆಯ ಕೈಕಾಲು, ಕಡಿಮೆಯಾದ ಮೂತ್ರ ಇವು ಎಚ್ಚರಿಕೆಯ ಗಂಟೆಗಳು. ನಾವೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಹಿಡಿದುಕೊಂಡು ಪಪ್ಪಾಯಿ ಎಲೆಗೆ ಓಡುತ್ತೇವೆ. ಡಾಕ್ಟರು ನೋಡುತ್ತಿದ್ದದ್ದು ಹೆಮಟೊಕ್ರಿಟ್, ರಕ್ತದೊತ್ತಡ ಮತ್ತು ಮೂತ್ರದ ಪ್ರಮಾಣ. ಮಗುವಿಗೆ ಪ್ಲೇಟ್‌ಲೆಟ್ ಕೊಡಲೇ ಇಲ್ಲ. ಅಳತೆ ಮಾಡಿ ಕೊಟ್ಟ ಸಲೈನೇ ಅವಳನ್ನು ಉಳಿಸಿತು. ಇನ್ನೊಂದು ಮಾತು: ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಆಸ್ಪಿರಿನ್ ಕೊಡಬಾರದು. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ಅದೇ ವರ್ಷ ಪುಣೆಯಲ್ಲಿ ಝಿಕಾ ಪ್ರಕರಣಗಳು ಕಂಡವು. ಎರಡನ್ನೂ ಹರಡುವುದು ಈಡಿಸ್ ಸೊಳ್ಳೆಯೇ. ಕಟ್ಟಡ ಕಾಮಗಾರಿಯ ನೀರು, ಹೂಕುಂಡದ ತಟ್ಟೆ, ಬಾಲ್ಕನಿಯ ಕೂಲರ್: ನಾವು ದುಡಿಯಲು ಬಂದ ನಗರಗಳು ಬೆಳೆಯುತ್ತಿರುವ ರೀತಿಯೇ ಅದಕ್ಕೆ ತೊಟ್ಟಿಲು.

ಐಸಿಯು ಬಾಗಿಲಿನಾಚೆ ಇನ್ನೊಂದು ಯುದ್ಧ ನಡೆದಿತ್ತು. ಕಂಪನಿಯ ಗ್ರೂಪ್ ವಿಮೆ ಇದೆ ಎಂಬ ಧೈರ್ಯದಲ್ಲಿ ಕೌಂಟರಿಗೆ ಹೋದರೆ, ಮಗಳ ಹೆಸರು ಎಚ್‌ಆರ್ ಪೋರ್ಟಲ್‌ನಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ದಿನವಿಡೀ ಇಂಥ ಡೇಟಾ ತಪ್ಪುಗಳನ್ನು ಸರಿಪಡಿಸುವುದೇ ನನ್ನ ಕೆಲಸ; ನನ್ನ ಮನೆಯ ದಾಖಲೆ ಮಾತ್ರ ಮೂರು ವರ್ಷದಿಂದ ಹಾಗೇ ಇತ್ತು. ಅನುಮತಿ ಬರುವವರೆಗೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಆರನೇ ದಿನ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಡಿಸ್ಚಾರ್ಜ್ ಬರೆದರು. ನಾವು ಹೊರಬಿದ್ದದ್ದು ಸಂಜೆ ಏಳಕ್ಕೆ.

ಆಗ ನನಗೆ ಗೊತ್ತಿರಲಿಲ್ಲ: ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲೇ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು ಎಂದಿದೆ. ಮೂರು ಗಂಟೆ ಮೀರಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ನಿಯಮ ಇದೆ, ಆದರೆ ಗಡಿಯಾರ ಯಾವಾಗ ಶುರುವಾಯಿತೆಂದು ರೋಗಿಯ ಕಡೆಯವರಿಗೆ ಕಾಣುವುದಿಲ್ಲ. ಆಸ್ಪತ್ರೆ 'ವಿಮೆಯವರು' ಎನ್ನುತ್ತದೆ, ವಿಮೆಯವರು 'ಆಸ್ಪತ್ರೆ ಕಾಗದ ಕಳಿಸಿಲ್ಲ' ಎನ್ನುತ್ತಾರೆ. ಬಿಲ್ ಕಳಿಸಿದ ಸಮಯ ಮತ್ತು ಉತ್ತರ ಬಂದ ಸಮಯ ಎರಡೂ ರೋಗಿಯ ಮೊಬೈಲಿಗೆ ತಾನಾಗಿ ಬರುವಂತೆ ಕಡ್ಡಾಯ ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ. ಒಬ್ಬ ಸಾಫ್ಟ್‌ವೇರ್‌ನವನಾಗಿ ಹೇಳುತ್ತೇನೆ, ಇದೇನೂ ಕಷ್ಟದ ಕೆಲಸವಲ್ಲ.

ಗ್ರೂಪ್ ವಿಮೆಯನ್ನೇ ನಂಬಿ ಕೂರುವುದೂ ಸರಿಯಲ್ಲ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಐಟಿಯಲ್ಲಿ ಈಗ ಆ ಮಾತು ಬಿಡಿಸಿ ಹೇಳಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ಸೊನ್ನೆಯಾಗಿದೆ. ಸ್ವಂತ ಪಾಲಿಸಿ ಮಾಡಿಸಲು ಇದು ಒಳ್ಳೆಯ ಕಾಲ. ಮಾಡಿಸುವಾಗ ಕೊಠಡಿ ಬಾಡಿಗೆಯ ಮಿತಿ ನೋಡಿ. ದಿನಕ್ಕೆ 5,000 ರೂಪಾಯಿ ಮಿತಿಯಿದ್ದು ನೀವು 10,000ದ ಕೊಠಡಿ ಹಿಡಿದರೆ, ಬಾಡಿಗೆ ಮಾತ್ರವಲ್ಲ, ಡಾಕ್ಟರ ಫೀಸಿನಂಥ ಖರ್ಚಿನಲ್ಲೂ ಅರ್ಧ ನಿಮ್ಮ ತಲೆಗೆ ಬರಬಹುದು.

ಹಣಕ್ಕಿಂತ ದೊಡ್ಡ ಕೊರತೆ ಜನರದ್ದು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ, ಒಂಟಿ ತಂದೆಯರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಖಾಸಗಿ ಕಂಪನಿಗಳಲ್ಲಿ ಮಗುವಿನ ಕಾಯಿಲೆಗೆ ಅಂಥ ಹಕ್ಕಿಲ್ಲ; ಎಲ್ಲ ಮ್ಯಾನೇಜರನ ಮನಸ್ಸು. ನನ್ನ ಮ್ಯಾನೇಜರ್ ಒಳ್ಳೆಯವನು, ಹೆಂಡತಿಯ ಮ್ಯಾನೇಜರ್ ಮೂರನೇ ದಿನಕ್ಕೆ 'ಆಸ್ಪತ್ರೆಯಲ್ಲಿ ವೈಫೈ ಇದೆಯಾ?' ಎಂದು ಕೇಳಿದ. ಮಗುವಿನ ಪಕ್ಕ ಒಬ್ಬರಿಗೇ ಜಾಗ. ಊರಲ್ಲಾಗಿದ್ದರೆ ಊಟದ ಡಬ್ಬಿ, ಪಾಳಿಗೆ ಅತ್ತೆ, ಚಿಕ್ಕಮ್ಮ ಇರುತ್ತಿದ್ದರು. ಇಲ್ಲಿ ಅವ್ವ ರಾತ್ರಿ ಬಸ್ ಹಿಡಿದು ಬರುವವರೆಗೆ ನಮಗೆ ಆಸರೆಯಾದದ್ದು ಕೆಳಮನೆಯ ಮರಾಠಿ ಅಜ್ಜಿ. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಸೇರಿಸುವ ಫೋನ್ ನಂಬರುಗಳ ಪಟ್ಟಿಯಿಂದಲೇ 'ರಾತ್ರಿ ಎರಡಕ್ಕೂ ಕರೆಯಬಹುದು' ಎನ್ನುವ ಹತ್ತು ಮನೆಗಳ ಇನ್ನೊಂದು ಪಟ್ಟಿ ಮಾಡಿದರೆ, ಅದಕ್ಕಿಂತ ದೊಡ್ಡ ಕನ್ನಡ ಸೇವೆ ಕಾಣೆ.

ಈ ವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ವಿಮೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಿ. ಹತ್ತಿರದ ಮಕ್ಕಳ ಐಸಿಯು ಎಲ್ಲಿದೆ, ಅದು ನಿಮ್ಮ ವಿಮೆಯ ಪಟ್ಟಿಯಲ್ಲಿದೆಯೇ ತಿಳಿದುಕೊಳ್ಳಿ. ಲಸಿಕೆ ಕಾರ್ಡು, ರಕ್ತದ ಗುಂಪು, ಮಗುವಿನ ತೂಕ ಇಬ್ಬರ ಫೋನಿನಲ್ಲೂ ಇರಲಿ.

ಮಗಳು ಈಗ ಚೆನ್ನಾಗಿದ್ದಾಳೆ. ಕೈಗೆ ಸಲೈನ್ ಹಾಕಿದ ಜಾಗ ತೋರಿಸಿ ಗೊಂಬೆಗೂ ಬ್ಯಾಂಡೇಜ್ ಕಟ್ಟುತ್ತಾಳೆ. ನಾನು ಮಾತ್ರ ಇಂದಿಗೂ ಅವಳಿಗೆ ಜ್ವರ ಬಂದರೆ ಹಣೆಗಿಂತ ಮೊದಲು ಅಂಗಾಲು ಮುಟ್ಟಿ ನೋಡುತ್ತೇನೆ.