ಬೆವರಿಗೂ ಒಂದು ಲೆಕ್ಕವಿದೆ

‘ಆರೋಗ್ಯವಂತ ಮನುಷ್ಯನ ದೇಹದ ಸಾಮಾನ್ಯ ತಾಪಮಾನ ಎಷ್ಟು?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನೇ ಕೇಳಿ, 37 ಡಿಗ್ರಿ ಸೆಲ್ಸಿಯಸ್ ಎಂದು ಥಟ್ಟನೆ ಹೇಳುತ್ತಾರೆ. ಫ್ಯಾರನ್‌ಹೀಟ್‌ನಲ್ಲಿ 98.6 ಎಂದೂ ಸೇರಿಸುತ್ತಾರೆ. ಗುಪ್ತೋಷ್ಣ, ವಿಶಿಷ್ಟೋಷ್ಣ, ಶಕ್ತಿಯ ಸಂರಕ್ಷಣಾ ನಿಯಮ ಎಲ್ಲವೂ ನಮಗೆ ಬಾಯಿಪಾಠ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಇದೇ ನಾವು ಏಪ್ರಿಲ್ ಬಿಸಿಲಲ್ಲಿ ಜರ್ಕಿನ್ ಹಾಕಿಕೊಂಡು, ನೀರು ಕುಡಿಯದೆ, ಫಿಸಿಕಲ್ ಟೆಸ್ಟ್‌ಗೆಂದು ಗ್ರೌಂಡ್ ಸುತ್ತುತ್ತೇವೆ. ಓದಿದ ವಿಜ್ಞಾನ ಓಎಂಆರ್ ಶೀಟಿನಲ್ಲೇ ಉಳಿಯುತ್ತದೆ, ಮೈಗೆ ಇಳಿಯುವುದೇ ಇಲ್ಲ.

ನಾನು ಬಿ.ಎಸ್‌ಸಿ. ಮುಗಿಸಿ ಕಲಬುರಗಿಯಲ್ಲಿ ಪೊಲೀಸ್ ನೇಮಕಾತಿಗೆ ತಯಾರಿ ನಡೆಸುತ್ತಿದ್ದೇನೆ. ಗ್ರೌಂಡಿನಲ್ಲಿ ದಿನವೂ ಕೇಳಿಸುವ ಉಪದೇಶಗಳು ಎರಡು. ‘ಬೆವರು ಹರೀಬೇಕು ನೋಡಲೇ, ಆವಾಗಷ್ಟೇ ಬೊಜ್ಜು ಕರಗ್ತದ’ ಎನ್ನುವುದು ಮೊದಲನೆಯದು. ‘ಓಡೂಮುಂದ ನೀರು ಕುಡಿದ್ರ ಹೊಟ್ಟಿ ಹಿಡೀತದ’ ಎನ್ನುವುದು ಎರಡನೆಯದು. ಎರಡನ್ನೂ ಹೇಳುವವರು ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ಆದರೆ ನಾವೇ ಓದಿದ ಪಾಠದ ಮುಂದೆ ಇವು ನಿಲ್ಲುತ್ತವೆಯೇ? ಒಮ್ಮೆ ಲೆಕ್ಕ ಹಾಕೋಣ.

ದಿನಕ್ಕೆ 2000 ಕಿಲೊಕ್ಯಾಲರಿ ಊಟ ಮಾಡುವ ವ್ಯಕ್ತಿಯನ್ನು ತೆಗೆದುಕೊಳ್ಳಿ. ಅದು ಸುಮಾರು 8400 ಕಿಲೊಜೂಲ್. ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 100 ಜೂಲ್, ಅಂದರೆ 100 ವಾಟ್. ತಿಂದ ರೊಟ್ಟಿ, ಅನ್ನದ ಶಕ್ತಿಯಲ್ಲಿ ಬಹುಪಾಲು ಕೊನೆಗೆ ಶಾಖವಾಗಿಯೇ ಮೈಯಿಂದ ಹೊರಬೀಳುತ್ತದೆ. ಸುಮ್ಮನೆ ಕುಳಿತವನೂ ಹಳೇ ಕಾಲದ 100 ವಾಟ್ ಬಲ್ಬಿನಷ್ಟು ಕಾಯುತ್ತಿರುತ್ತಾನೆ. ಪರೀಕ್ಷಾ ಕೊಠಡಿಯಲ್ಲಿ 24 ಮಂದಿ ಕೂತರೆ 2 ಕಿಲೊವಾಟ್‌ನ ರೂಮ್ ಹೀಟರ್‌ಗಿಂತ ಹೆಚ್ಚು ಶಾಖ ಅಲ್ಲಿ ಹುಟ್ಟುತ್ತದೆ. ಫ್ಯಾನ್ ಕೆಟ್ಟ ದಿನ ಅದು ಎಲ್ಲರಿಗೂ ಗೊತ್ತಾಗುತ್ತದೆ.

ಊಟ, ಶಾಖ ಮತ್ತು ಕೆಲಸದ ಈ ನಂಟು ಹೊಳೆದದ್ದೂ ಮನುಷ್ಯನ ಮೈ ನೋಡಿಯೇ. ಜರ್ಮನಿಯ ವೈದ್ಯ ಯೂಲಿಯಸ್ ರಾಬರ್ಟ್ ಮೇಯರ್ 1840ರಲ್ಲಿ ಡಚ್ ಹಡಗಿನ ವೈದ್ಯನಾಗಿ ಜಾವಾ ದ್ವೀಪಕ್ಕೆ ಹೋಗಿದ್ದ. ಅಲ್ಲಿ ಚಿಕಿತ್ಸೆಗೆಂದು ನಾವಿಕರ ಅಭಿಧಮನಿಯಿಂದ ರಕ್ತ ತೆಗೆದಾಗ, ಅದು ತಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಂಪಾಗಿ ಕಂಡಿತು. ಬಿಸಿ ಸೀಮೆಯಲ್ಲಿ ಮೈ ಬೆಚ್ಚಗಿಡಲು ಕಡಿಮೆ ಉರುವಲು ಸಾಕು, ಅದಕ್ಕೇ ರಕ್ತದಲ್ಲಿ ಆಮ್ಲಜನಕ ಉಳಿದಿದೆ ಎಂದು ಆತ ತರ್ಕಿಸಿದ. ಅಲ್ಲಿಂದ ಮುಂದುವರಿದ ಯೋಚನೆ 1842ರಲ್ಲಿ ಪ್ರಕಟವಾಯಿತು. ಶಕ್ತಿಯ ಸಂರಕ್ಷಣಾ ನಿಯಮವನ್ನು ಮೊದಲು ಹೇಳಿದವರಲ್ಲಿ ಅವನೂ ಒಬ್ಬ. ಮೈಯಿಂದ ಹುಟ್ಟಿದ ಪಾಠವನ್ನು ನಾವು ಮೈ ಬಿಟ್ಟು ಓದುತ್ತಿದ್ದೇವೆ.

ಈಗ ಓಟಕ್ಕೆ ಬರೋಣ. 60 ಕೆ.ಜಿ. ತೂಕದವನು ಒಂದು ಕಿಲೊಮೀಟರ್ ಓಡಿದರೆ ಸುಮಾರು 60 ಕಿಲೊಕ್ಯಾಲರಿ ಖರ್ಚು. 10 ಕಿ.ಮೀ. ಓಡಿದರೆ 600, ಅಂದರೆ 2500 ಕಿಲೊಜೂಲ್. ನಮ್ಮ ಸ್ನಾಯು ಅಂಥ ದಕ್ಷ ಎಂಜಿನ್ ಏನಲ್ಲ. ಸುಮಾರು ಐದನೇ ಒಂದು ಭಾಗವಷ್ಟೇ ಕೆಲಸವಾಗುತ್ತದೆ, ಉಳಿದ 2000 ಕಿಲೊಜೂಲ್ ಶಾಖ. 60 ಕೆ.ಜಿ. ದೇಹದ ತಾಪ ಒಂದು ಡಿಗ್ರಿ ಏರಲು ಸುಮಾರು 210 ಕಿಲೊಜೂಲ್ ಸಾಕು. ಈ ಶಾಖವೆಲ್ಲ ಒಳಗೇ ಉಳಿದರೆ ಮೈ 9 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿ 46 ದಾಟಬೇಕಿತ್ತು. ಒಳಗಿನ ತಾಪ 40 ದಾಟಿ ಬುದ್ಧಿ ಮಂಕಾದರೇ ವೈದ್ಯರು ಅದನ್ನು ಹೀಟ್ ಸ್ಟ್ರೋಕ್ ಎನ್ನುತ್ತಾರೆ. ಹಾಗಿದ್ದರೂ ನಾವು ಓಡಿ ಮನೆಗೆ ಬರುತ್ತೇವಲ್ಲ, ಹೇಗೆ?

ಬೆವರಿನಿಂದ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 2.4 ಕಿಲೊಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಇದೇ ನಾವು ಬಾಯಿಪಾಠ ಮಾಡಿದ ಗುಪ್ತೋಷ್ಣ. 2000 ಕಿಲೊಜೂಲ್ ಕಳೆಯಲು 830 ಗ್ರಾಂನಷ್ಟು ಬೆವರು ಬೇಕು. ಆದರೆ ಅದು ಆವಿಯಾಗಬೇಕು. ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರು, ಜರ್ಕಿನ್ ಒಳಗೆ ಸಿಕ್ಕಿಬಿದ್ದ ಬೆವರು ಮೈಯನ್ನು ತಣಿಸುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ವ್ಯರ್ಥ. ಜರ್ಕಿನ್ ಹಾಕಿ ಓಡಿದ ಮೇಲೆ ತೂಕದ ಯಂತ್ರದಲ್ಲಿ ಒಂದು ಕೆ.ಜಿ. ಇಳಿದಂತೆ ಕಂಡರೆ ಅದರಲ್ಲಿ ಬಹುತೇಕ ನೀರೇ. ಎರಡು ತಂಬಿಗೆ ನೀರು ಕುಡಿದರೆ ವಾಪಸ್ ಬರುತ್ತದೆ. ಬೊಜ್ಜು ಕರಗಿಸುವುದು ಓಟ, ಬೆವರಲ್ಲ.

ಈ ‘ಆವಿಯಾಗಬೇಕು’ ಎಂಬ ಷರತ್ತಿನಲ್ಲೇ ಎಲ್ಲ ಇದೆ. ನನ್ನ ಗೆಳೆಯನೊಬ್ಬ ಮಂಗಳೂರಿನಲ್ಲಿ ಬೈಕ್ ಮೇಲೆ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ‘ನಮ್ಮ ಊರಾಗ 42 ಇರ್ತದ, ಇಲ್ಲಿ 35 ಅಷ್ಟೇ. ಆದ್ರೂ ಇಲ್ಲೇ ಜೀವ ಹೋದಂಗ ಆಗ್ತದಲೋ’ ಎಂದು ಫೋನಿನಲ್ಲಿ ಹೇಳುತ್ತಾನೆ. ಅವನ ಮೈ ಸುಳ್ಳು ಹೇಳುತ್ತಿಲ್ಲ. ಥರ್ಮಾಮೀಟರಿನ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಸಿಗುವ ತಾಪಕ್ಕೆ ವೆಟ್ ಬಲ್ಬ್ ತಾಪಮಾನ ಎನ್ನುತ್ತಾರೆ. ಬೆವರು ಎಷ್ಟರ ಮಟ್ಟಿಗೆ ತಣಿಸಬಲ್ಲದು ಎಂಬುದರ ಅಂದಾಜು ಅದು. 42 ಡಿಗ್ರಿ ಬಿಸಿಲು, ಶೇ 20 ಆರ್ದ್ರತೆ ಇದ್ದರೆ ಅದು ಸುಮಾರು 24. 35 ಡಿಗ್ರಿ, ಶೇ 70 ಆರ್ದ್ರತೆ ಇದ್ದರೆ ಸುಮಾರು 30. ನಮ್ಮ ಕಡೆಯ ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವಷ್ಟು ಕರಾವಳಿಯಲ್ಲಿ ಆಗದಿರುವುದಕ್ಕೂ ಇದೇ ಕಾರಣ. ಗಡಿಗೆಯೂ ಬೆವರಿಯೇ ತಣಿಯುವುದು.

ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿದರೆ ಎಂಥ ಗಟ್ಟಿ ಮನುಷ್ಯನೂ ಕೆಲವು ಗಂಟೆಗಿಂತ ಹೆಚ್ಚು ಬಾಳಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ–ಯುವತಿಯರನ್ನೇ ಪರೀಕ್ಷಿಸಿ, ಆರ್ದ್ರ ವಾತಾವರಣದಲ್ಲಿ ಸುಮಾರು 31ಕ್ಕೇ ದೇಹದ ಒಳತಾಪ ಹಿಡಿತ ತಪ್ಪಿ ಏರತೊಡಗುತ್ತದೆ ಎಂದು 2022ರಲ್ಲಿ ತೋರಿಸಿದರು. ಅದೂ ಹಗುರವಾದ ಚಟುವಟಿಕೆಯಲ್ಲಿ. ಓಡುವವರ ಮಿತಿ ಇನ್ನೂ ಕೆಳಗೆ. ನಮ್ಮ ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸಲು ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಎಂದು ಬೇರೆ ಬೇರೆ ಗೆರೆ ಎಳೆದಿರುವುದು ಸುಮ್ಮನೆ ಅಲ್ಲ.

ಹಾಗೆಂದು ಒಣ ಬಿಸಿಲು ಸಾಧು ಎಂದಲ್ಲ. ಗಾಳಿಯ ತಾಪ ನಮ್ಮ ಚರ್ಮದ 35 ಡಿಗ್ರಿಯನ್ನು ದಾಟಿತೆಂದರೆ ಶಾಖ ಹೊರಗಿನಿಂದ ಒಳಕ್ಕೆ ಹರಿಯುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. 1774–75ರಲ್ಲಿ ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಗ್ಡನ್ ನೀರು ಕುದಿಯುವುದಕ್ಕಿಂತಲೂ ಬಿಸಿಯಾದ ಒಣ ಕೋಣೆಯೊಳಗೆ ಕೆಲವು ನಿಮಿಷ ಇದ್ದು ಕ್ಷೇಮವಾಗಿ ಹೊರಬಂದ. ಅದೇ ಕೋಣೆಯಲ್ಲಿಟ್ಟ ಮೊಟ್ಟೆ, ಮಾಂಸ ಬೆಂದಿದ್ದವು. ಮಾಂಸಕ್ಕೂ ಮನುಷ್ಯನಿಗೂ ಅಲ್ಲಿದ್ದ ಮುಖ್ಯ ವ್ಯತ್ಯಾಸ ಬೆವರು. ಆ ಬೆವರಿಗೆ ಬೇಕಾದ ನೀರನ್ನೇ ಬೇಡ ಎನ್ನುವುದು ನಮ್ಮ ಗ್ರೌಂಡಿನ ಉಪದೇಶ! ಹೊಟ್ಟೆ ತುಂಬ ಒಮ್ಮೆಲೇ ಕುಡಿದರೆ ಓಡುವಾಗ ಕಷ್ಟವಾಗುವುದು ನಿಜ. ಅದಕ್ಕೆ ಆಗಾಗ ಗುಟುಕು ಗುಟುಕಾಗಿ ಕುಡಿಯಬೇಕು, ಕುಡಿಯದೇ ಇರಬಾರದು.

ಇದು ಬರೀ ಲೆಕ್ಕದ ಮಾತಲ್ಲ. 2024ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಪುರುಷರು ಒಂದು ಗಂಟೆಯಲ್ಲಿ 10 ಕಿ.ಮೀ. ಓಡಬೇಕಿತ್ತು. ಎಲ್ಲ ಸಾವಿಗೂ ಸೆಕೆಯೇ ಕಾರಣ ಎಂದು ಹೇಳಲಾಗದು. ಆದರೆ ಸಾವುಗಳಾದ ಮೇಲೆ ಅಲ್ಲಿನ ಸರ್ಕಾರ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿ, ಓಟವನ್ನು ಬೆಳಿಗ್ಗೆಯೇ ಮುಗಿಸುವ ನಿರ್ಧಾರ ಮಾಡಿತು. ಅದನ್ನು ಮೊದಲೇ ಮಾಡಬಾರದಿತ್ತೇ? ನಮ್ಮ ರಾಜ್ಯದ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು ಓಡಬೇಕಾದದ್ದು 1600 ಮೀಟರ್, 6 ನಿಮಿಷ 30 ಸೆಕೆಂಡ್‌ನಲ್ಲಿ. ಮೇಲಿನ ಲೆಕ್ಕದಂತೆ ಅದರ ಶಾಖ ಮೈಯನ್ನು ಒಂದೂವರೆ ಡಿಗ್ರಿ ಏರಿಸುವಷ್ಟು. ಒಂದು ಓಟಕ್ಕೆ ಅದು ದೊಡ್ಡದಲ್ಲ. ಆದರೆ ಬೆಳಿಗ್ಗೆಯಿಂದ ಬಿಸಿಲಲ್ಲಿ ಸಾಲು ನಿಂತು, ನೀರಿಲ್ಲದೆ, ಮಧ್ಯಾಹ್ನ ತನ್ನ ಸರದಿ ಬಂದವನಿಗೆ ಅದೇ ಓಟ ಬೇರೆಯೇ ಪರೀಕ್ಷೆ. ಬೆಳಿಗ್ಗೆ 7ಕ್ಕೆ ಓಡಿದವನನ್ನೂ 12ಕ್ಕೆ ಓಡಿದವನನ್ನೂ ಒಂದೇ ಸ್ಟಾಪ್‌ವಾಚ್‌ನಲ್ಲಿ ಅಳೆಯುವುದು ನ್ಯಾಯವೂ ಅಲ್ಲ.

ಆದ್ದರಿಂದ ನೇಮಕಾತಿ ನಡೆಸುವವರಿಗೆ ನನ್ನದೊಂದು ಬೇಡಿಕೆ. ಬೇಸಿಗೆಯಲ್ಲಿ ಓಟ ಬೆಳಿಗ್ಗೆಯೇ ಮುಗಿಯಲಿ. ತಾಪದ ಜೊತೆ ಆರ್ದ್ರತೆಯನ್ನೂ ನೋಡಿ ನಿಲ್ಲಿಸುವ ನಿಯಮ ಬರಲಿ. ಸಾಲಿಗೆ ನೆರಳು, ನೀರು, ಗ್ರೌಂಡಿನಲ್ಲಿ ಐಸ್ ಇರಲಿ. ಡೆಲಿವರಿ ಹುಡುಗರಿಗೆ ಮಧ್ಯಾಹ್ನ ನೆರಳಲ್ಲಿ ಕೂರುವ ಅರ್ಧ ಗಂಟೆ ಸಿಗಲಿ, ಅದಕ್ಕೆ ಇನ್ಸೆಂಟಿವ್ ಕತ್ತರಿಸದಿರಲಿ. ಕೋಚಿಂಗ್ ಕೇಂದ್ರಗಳು 37 ಡಿಗ್ರಿ ಎಂದು ಬರೆಸುವ ದಿನವೇ ಅದನ್ನು ಕಾಪಾಡುವುದು ಹೇಗೆಂದೂ ಹತ್ತು ನಿಮಿಷ ಹೇಳಲಿ.

ನಾವೂ ಮಾಡಬಹುದಾದದ್ದಿದೆ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಆದ್ದರಿಂದ ಪರೀಕ್ಷೆಗೆ ನಾಲ್ಕು ದಿನ ಇದ್ದಾಗ ಒಮ್ಮೆಲೇ ಬಿಸಿಲಿಗೆ ಇಳಿಯಬೇಡಿ. ಜರ್ಕಿನ್ ಬಿಟ್ಟು ತೆಳ್ಳನೆಯ ಬಟ್ಟೆ ಹಾಕಿ. ಓಟದ ನಂತರ ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ಸೋ ಕುಡಿಯಿರಿ. ಜೊತೆಯವನು ತೊದಲಿದರೆ, ತೂರಾಡಿದರೆ, ಅಸಂಬದ್ಧ ಮಾತಾಡಿದರೆ ‘ಇನ್ನೊಂದು ರೌಂಡ್ ಅಷ್ಟೇ’ ಎಂದು ಹುರಿದುಂಬಿಸಬೇಡಿ. ಓಡುವವರಿಗೆ ಬೆವರು ಬರುತ್ತಿರುವಾಗಲೂ ಹೀಟ್ ಸ್ಟ್ರೋಕ್ ಆಗಬಹುದು. ನೆರಳಿಗೆ ಕರೆದೊಯ್ದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಸರ್ಕಾರಿ ಕೆಲಸಕ್ಕಾಗಿ ಬೆವರು ಹರಿಸಲು ನಾವೆಲ್ಲ ಸಿದ್ಧರಿದ್ದೇವೆ. ಆ ಬೆವರು ಆರುವುದಕ್ಕೂ ಸ್ವಲ್ಪ ಗಾಳಿ, ನೆರಳು, ನೀರು ಕೇಳುತ್ತಿದ್ದೇವೆ, ಅಷ್ಟೇ.