ಹಂಫ್ ಇಲ್ಲದ ಕುರ್ಚಿ

2008ರ ಏಪ್ರಿಲ್ 25ರಂದು ಇಂಗ್ಲೆಂಡಿನಲ್ಲಿ ಹಂಫ್ರಿ ಲಿಟಲ್ಟನ್ ತೀರಿಕೊಂಡರು. 86 ವರ್ಷ. ಜಾಝ್ ಟ್ರಂಪೆಟ್ ವಾದಕ, ಬಿಬಿಸಿ ರೇಡಿಯೊದ ಹಾಸ್ಯ ಕಾರ್ಯಕ್ರಮದ ನಿರೂಪಕ. ಜನರಿಗೆ ಅವರು ಬರೀ 'ಹಂಫ್'. ಎಂದೂ ಮುಖಾಮುಖಿ ಕಾಣದವರೂ ಮನೆಯ ಹಿರಿಯರು ಹೋದ ಹಾಗೆ ದುಃಖಪಟ್ಟರು. ಆಕಾಶವಾಣಿ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ ಬಿಡಿ.

1945ರ ಮೇ 8ರಂದು ಯುರೋಪಿನಲ್ಲಿ ಯುದ್ಧ ಮುಗಿದ ಸಂಭ್ರಮದಲ್ಲಿ ಲಂಡನ್ ಅರಮನೆಯೆದುರು ತಳ್ಳುಗಾಡಿಯಲ್ಲಿ ಕುಳಿತು ಟ್ರಂಪೆಟ್ ಊದಿದ ಸೈನ್ಯಾಧಿಕಾರಿ ಇವರೇ. 1972ರಲ್ಲಿ ಶುರುವಾದ 'ಐ ಆಮ್ ಸಾರಿ ಐ ಹ್ಯಾವೆಂಟ್ ಎ ಕ್ಲೂ' ಕಾರ್ಯಕ್ರಮದಲ್ಲಿ ಎಲ್ಲರೂ ನಗುವಾಗ ಇವರೊಬ್ಬರದು ಬೇಸರದ ದನಿ, ಯಾಕಾದರೂ ಬಂದೆನೋ ಎಂಬಂತೆ. ದ್ವಂದ್ವಾರ್ಥದ ಸಾಲನ್ನೂ ಏನೂ ತಿಳಿಯದವರ ಹಾಗೆ ಓದುತ್ತಿದ್ದರು. (ಎಲ್ಲವೂ ಮಕ್ಕಳೆದುರು ಕೇಳುವಂಥದ್ದಲ್ಲ, ಅದು ಬೇರೆ ಮಾತು.) 'ಮಾರ್ನಿಂಗ್ಟನ್ ಕ್ರೆಸೆಂಟ್' ಎಂಬ, ನಿಯಮವೇ ಇಲ್ಲದ ಆಟವನ್ನು ಕಟ್ಟುನಿಟ್ಟಿನ ತೀರ್ಪುಗಾರರಂತೆ ನಡೆಸಿಕೊಟ್ಟರು.

ಇನ್ನು ಆ ಕುರ್ಚಿಗೆ ಯಾರು ಎಂಬ ಪ್ರಶ್ನೆ ಆಗ ಎದ್ದಿತು. ಅವರ ಸಾಲುಗಳನ್ನು ಬರೆಯುತ್ತಿದ್ದವರು ಇಯಾನ್ ಪ್ಯಾಟಿನ್ಸನ್. ಬರಹ ನಿಲ್ಲಬೇಕಿರಲಿಲ್ಲ, ಓದಲಿಕ್ಕೆ ಬೇರೆಯವರೂ ಸಿಗುತ್ತಿದ್ದರು. ಆದರೆ ಸಾಲು ಮುಗಿಸಿ ಹಂಫ್ ಸುಮ್ಮನಾಗುತ್ತಿದ್ದರಲ್ಲ, ಜನ ನಗುತ್ತಿದ್ದುದು ಅಲ್ಲಿ. ಅದನ್ನು ಯಾರೂ ಬರೆದುಕೊಡಲಾರರು. ಕಾರ್ಯಕ್ರಮವನ್ನೇ ಮುಚ್ಚಬೇಕಿತ್ತೆಂದು ನಾವು ಹೇಳುವುದಿಲ್ಲ. ಬಿಬಿಸಿ ಅವಸರ ಮಾಡದೆ ಸ್ವಲ್ಪ ಕಾಲ ಕುರ್ಚಿಯನ್ನು ಖಾಲಿ ಬಿಡುವುದೇ ಸರಿಯಾಗಿತ್ತು.